ಬೆವರಿನಲ್ಲಿ ಹೋದ ಉಪ್ಪು: ಪ್ಯೂರ್ ಅಧ್ಯಯನವೂ ಪೀಣ್ಯದ ಕುಲುಮೆ ಕೆಲಸಗಾರರೂ

ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ ಎಂಬುದು 1988ರ ಇಂಟರ್‌ಸಾಲ್ಟ್ ಅಧ್ಯಯನ, 2001ರ ಡ್ಯಾಶ್-ಸೋಡಿಯಂ ಪ್ರಯೋಗಗಳ ನಂತರ ಬಹುಮಟ್ಟಿಗೆ ಒಪ್ಪಿತವಾದ ಸಂಗತಿ. ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ತಕರಾರು ಎದ್ದದ್ದು 2014ರಲ್ಲಿ. ಮಾರ್ಟಿನ್ ಓಡೊನೆಲ್, ಸಲೀಂ ಯೂಸುಫ್ ಮತ್ತಿತರರ ಪ್ಯೂರ್ ಅಧ್ಯಯನ (ಬೆಂಗಳೂರಿನ ಸೇಂಟ್ ಜಾನ್ಸ್ ಕೂಡ ಅದರ ಕೇಂದ್ರಗಳಲ್ಲೊಂದು) ದಿನಕ್ಕೆ 7.5ರಿಂದ 15 ಗ್ರಾಂ ಉಪ್ಪು ತಿನ್ನುವವರಲ್ಲೇ ಹೃದ್ರೋಗ, ಸಾವು ಕಡಿಮೆ ಎಂದಿತು. ಅದಕ್ಕಿಂತ ಕಡಿಮೆ ತಿಂದವರಲ್ಲೂ ಅಪಾಯ ಹೆಚ್ಚಿತ್ತು. ಚಿಕ್ಕಬಾಣಾವರದ ಬಾಡಿಗೆ ಮನೆಗಳಿಂದ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಿಗೆ ಪಾಳಿಗೆ ಹೋಗುವವರ ಮಟ್ಟಿಗೆ ಈ ತೀರ್ಮಾನ ಅಪಾಯಕಾರಿ. ಬೆವರು ಸುರಿಸುವವರು ಉಪ್ಪು ಜಾಸ್ತಿ ತಿನ್ನಲೇಬೇಕೆಂಬ ಹಳೆಯ ನಂಬಿಕೆಗೆ ಅದು ವಿಜ್ಞಾನದ ಮುದ್ರೆ ಒತ್ತಿಬಿಡುತ್ತದೆ.

ಇಡೀ ದಿನದ ಉಪ್ಪನ್ನು ಅಂದಾಜಿಸಲು ಪ್ಯೂರ್ ಬಳಸಿದ್ದು ಬೆಳಗಿನ ಒಂದೇ ಮೂತ್ರದ ಮಾದರಿ ಮತ್ತು ಜಪಾನೀಯರ ಅಳತೆಗಳಿಂದ ರೂಪಿಸಿದ ಕವಾಸಾಕಿ ಸೂತ್ರ. ಉಪ್ಪಿನಲ್ಲಿರುವ ಸೋಡಿಯಂ ಸಾಮಾನ್ಯವಾಗಿ ಹಗಲು ಹೆಚ್ಚು, ರಾತ್ರಿ ಕಡಿಮೆ ಹೊರಹೋಗುತ್ತದೆ. ವಾರವಾರ ಪಾಳಿ ಬದಲಾಗುವವರಲ್ಲಿ ಈ ಲಯ ಏರುಪೇರಾದರೆ ಸೂತ್ರದ ತಳಪಾಯವೇ ಅಲುಗುತ್ತದೆ. ಇನ್ನು ಬೆವರು. ತಂಪಿನಲ್ಲಿ ಕೂತವರು ತಿಂದ ಸೋಡಿಯಂನ ಸುಮಾರು ಶೇ. 90 ಮೂತ್ರದಲ್ಲೇ ಹೋಗುತ್ತದೆ. ಕುಲುಮೆಯ ಮುಂದೆ ನಿಂತವರ ಅಂಗಿಯ ಬೆನ್ನಿನ ಮೇಲೆ ಒಣಗಿ ಉಳಿದ ಬಿಳಿ ಗೆರೆಗಳು ಯಾವ ಮೂತ್ರಪರೀಕ್ಷೆಗೂ ಸಿಗುವುದಿಲ್ಲ. ಧಾರಾಳವಾಗಿ ಉಪ್ಪು ತಿಂದವರೂ ಲೆಕ್ಕದಲ್ಲಿ ‘ಕಡಿಮೆ ತಿನ್ನುವವರು’ ಆಗಬಹುದು. ಅವರ ಕಾಯಿಲೆ ಕಡಿಮೆ ಉಪ್ಪಿನ ಖಾತೆಗೆ ಬೀಳಬಹುದು.

ಪ್ಯೂರ್‌ನ ವಕ್ರರೇಖೆಯ ಎಡಗಡೆಯ ಏರಿಕೆ, ಅಂದರೆ ಕಡಿಮೆ ಉಪ್ಪು ತಿಂದವರಲ್ಲಿ ಕಂಡ ಹೆಚ್ಚಿನ ಅಪಾಯ, ಭಾಗಶಃ ಅಳತೆಯ ದೋಷವೇ ಇರಬೇಕೆಂಬುದು ನನ್ನ ವಾದ. ಪೂರ್ತಿ ಅದೇ ಕಾರಣ ಎನ್ನಲಾರೆ. ಪ್ಯೂರ್ ಕುಲುಮೆಯವರನ್ನು ಆರಿಸಿ ನಡೆಸಿದ ಅಧ್ಯಯನವೂ ಅಲ್ಲ. ಆದರೆ ದಿನಪೂರ್ತಿ ಮೂತ್ರವನ್ನು ಒಂದಕ್ಕಿಂತ ಹೆಚ್ಚು ಸಲ ಸಂಗ್ರಹಿಸಿದ 10,709 ಜನರ ವಿಶ್ಲೇಷಣೆಯಲ್ಲಿ (2022) ಪ್ರತಿ 1,000 ಮಿಲಿಗ್ರಾಂ ಸೋಡಿಯಂಗೆ ಹೃದ್ರೋಗದ ಅಪಾಯ ಶೇ. 18 ಏರಿತು. ಬೆವರಿನ ಲೆಕ್ಕ ಅಲ್ಲೂ ಇಲ್ಲ ಎಂಬುದನ್ನು ಒಪ್ಪಲೇಬೇಕು.

ಹಾಗಾದರೆ ಬೆವರಿನ ನಷ್ಟ ತುಂಬುವುದು ಬೇಡವೇ? ಜೆರೋಮ್ ಕಾನ್ 1949ರಲ್ಲೇ ತೋರಿಸಿದಂತೆ, ಸೆಕೆಗೆ ಒಗ್ಗಿದ ದೇಹ ಬೆವರಿನಲ್ಲಿ ಹೋಗುವ ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲ ಒಂದೆರಡು ವಾರ ಉಪ್ಪು ಬೆರೆಸಿದ ನಿಂಬೆ ಪಾನಕ ನ್ಯಾಯವೇ. ಹತ್ತು ವರ್ಷ ಪಳಗಿದ ಕೈಗೆ ಊಟದ ಉಪ್ಪಿನಕಾಯಿ, ಬೇಕರಿಯ ಖಾರಾ ಬನ್ನಿನಿಂದ ಸಿಗುವ ಉಪ್ಪಿನ ಜೊತೆಗೆ ಅದೇ ಸಲಹೆಯನ್ನೂ ಹೇರುವುದು ತಪ್ಪು.

ಪೀಣ್ಯದ ಬೇಸಿಗೆಯಲ್ಲಿ ಬೆವರನ್ನೂ ದಿನದ ಮೂತ್ರವನ್ನೂ ಪಾಳಿವಾರು ಒಟ್ಟಿಗೆ ಅಳೆಯದೆ ಈ ವಾದ ಇತ್ಯರ್ಥವಾಗದು. ಸೋಡಿಯಂ ತಗ್ಗಿಸುವ ಇನ್ನೊಂದು ದಾರಿಯಾದ ಪೊಟ್ಯಾಸಿಯಂ ಬೆರೆತ ಉಪ್ಪು ಚೀನಾದ 600 ಹಳ್ಳಿಗಳ ಪ್ರಯೋಗದಲ್ಲಿ (2021) ಪಾರ್ಶ್ವವಾಯುವನ್ನು ಶೇ. 14 ತಗ್ಗಿಸಿತು. ಆದರೆ ಸೆಕೆಯ ದುಡಿಮೆ ಮೂತ್ರಪಿಂಡವನ್ನೂ ಸವೆಸಬಲ್ಲದು, ಸವೆದ ಮೂತ್ರಪಿಂಡಕ್ಕೆ ಪೊಟ್ಯಾಸಿಯಂ ಆಗಿಬರುವುದಿಲ್ಲ. ಹಾಗಾಗಿ ಕ್ರಿಯಾಟಿನಿನ್ ಪರೀಕ್ಷೆಯಿಲ್ಲದೆ ಆ ಉಪ್ಪನ್ನು ಇಲ್ಲಿನ ಫೌಂಡ್ರಿ ಕ್ಯಾಂಟೀನಿಗೆ ತರಬಹುದೇ ಎಂಬ ಪ್ರಶ್ನೆಯನ್ನು ತೆರೆದೇ ಇಡುತ್ತೇನೆ.