ಕೊಡೈಕಾನಲ್‌ನ ಶೋಲಾ, ಹುಲ್ಲುಗಾವಲು, ಜೌಗು

ಪಳನಿ ಬೆಟ್ಟಗಳ ನೆತ್ತಿಯಲ್ಲಿ, ಸುಮಾರು 2,000 ಮೀಟರ್ ಎತ್ತರದಲ್ಲಿ, ಒಂದೇ ಗುಡ್ಡದ ಮೇಲೆ ಮೂರು ಬಗೆಯ ಸಸ್ಯವಲಯಗಳು ಬೇಲಿ ಹಾಕಿದಷ್ಟು ಸ್ಪಷ್ಟವಾಗಿ ಬೇರ್ಪಟ್ಟಿವೆ. ತೊರೆ ಹರಿಯುವ ಕಣಿವೆಯ ಮಡಿಲಲ್ಲಿ ಎಲೆಗೊಬ್ಬರ ತುಂಬಿದ ಆಳವಾದ ಕಪ್ಪು ಮಣ್ಣು. ಅಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ ಕಾಡು. ಗಾಳಿಗೊಡ್ಡಿದ ಇಳಿಜಾರಿನ ತೆಳು ಮಣ್ಣಿನಲ್ಲಿ ಹುಲ್ಲು. ನೀರು ನಿಲ್ಲುವ ತಗ್ಗಿನಲ್ಲಿ ಜೇಕು ಬೆಳೆದ ಜೌಗು, ನಮ್ಮ ಕಾಡುಗಳ ಹಡ್ಲಿನಂಥದ್ದು. ಕಡಲಂಚಿನ ಜೌಗಿನಲ್ಲಿ ಯಾವ ಗಿಡ ಎಲ್ಲಿ ನಿಲ್ಲಬೇಕೆಂಬುದನ್ನು ಉಪ್ಪು ಮತ್ತು ಉಬ್ಬರವಿಳಿತ ತೀರ್ಮಾನಿಸುತ್ತವೆ. ಇಲ್ಲಿ ಆ ಕೆಲಸ ನಿಂತ ನೀರಿನದು ಮತ್ತು ಹೆಪ್ಪುಗಟ್ಟುವ ಇಬ್ಬನಿಯದು.

ಕೊಡೈಕಾನಲ್ ಕೆರೆಯೂ ಮೊದಲು ಜೌಗೇ. ಮದುರೈ ಕಲೆಕ್ಟರ್ ಆಗಿದ್ದ ವೀರ್ ಹೆನ್ರಿ ಲೆವಿಂಜ್ 1863ರಲ್ಲಿ ಒಡ್ಡು ಕಟ್ಟಿಸಿ ಅದನ್ನು ಕೆರೆಯಾಗಿಸಿದರು.

ಮರ ಬೆಳೆಯಬಲ್ಲಷ್ಟು ಮಳೆಯಿದ್ದೂ ಇಳಿಜಾರಿನಲ್ಲಿ ಹುಲ್ಲೇ ಏಕೆ ಎಂಬ ಪ್ರಶ್ನೆ ಮೊದಲು ಕಾವೇರಿದ್ದು ನೀಲಗಿರಿಯ ವಿಷಯದಲ್ಲಿ. 1938ರಲ್ಲಿ ಅರಣ್ಯಾಧಿಕಾರಿ ಸಿ. ಆರ್. ರಂಗನಾಥನ್, ಚಳಿಗಾಲದ ರಾತ್ರಿಯ ಹಿಮ ಬಯಲಿನಲ್ಲಿ ಶೋಲಾ ಸಸಿಗಳನ್ನು ಕೊಲ್ಲುತ್ತದೆ, ಆದ್ದರಿಂದ ಹುಲ್ಲುಗಾವಲು ಸಹಜವಾದದ್ದೇ ಎಂದು ವಾದಿಸಿದರು. ಅದೇ ವರ್ಷ ಸಸ್ಯವಿಜ್ಞಾನಿ ಎನ್. ಎಲ್. ಬೋರ್ ಬೆಂಕಿ ಮತ್ತು ಮೇಯುವಿಕೆಯತ್ತ ಬೆರಳು ತೋರಿದರು. ಉತ್ತರದ ಒಂದು ಪಾಲು ಜೌಗಿನ ತಳದಲ್ಲೇ ಇತ್ತು. ನೀರು ತುಂಬಿದ ಮಣ್ಣಿಗೆ ಗಾಳಿ ಸೇರುವುದಿಲ್ಲ. ಸತ್ತ ಎಲೆ ಬೇರುಗಳು ಪೂರ್ತಿ ಕೊಳೆಯದೆ ಪದರವಾಗಿ ಕೂರುತ್ತವೆ, ಜೊತೆಗೆ ಪರಾಗವೂ ಉಳಿಯುತ್ತದೆ. 1993ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಇಂಥ ಪದರಗಳ ಇಂಗಾಲದ ಐಸೊಟೋಪ್‌ಗಳನ್ನು ಅಳೆದು, ಸುಮಾರು 20,000 ವರ್ಷಗಳಿಂದ ಮುಂಗಾರು ಬಲಗೊಂಡಂತೆ, ಕುಗ್ಗಿದಂತೆ ಮರ ಮತ್ತು ಹುಲ್ಲಿನ ಪಾಲು ಬದಲಾಗಿದ್ದನ್ನು ತೋರಿಸಿದರು. ಪಳನಿಯ ಜೌಗಿನ ಕೆಸರಿನ ಪರಾಗವನ್ನು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯವರು ಓದಿದ್ದಾರೆ. ಹುಲ್ಲು ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ.

ಆದರೂ ಆಡಳಿತದ ಕಣ್ಣಿಗೆ ಅದು ಪಾಳು ನೆಲವಾಗಿಯೇ ಕಂಡಿತು. ಇದು ಈ ಇತಿಹಾಸದ ಅತ್ಯಂತ ನೋವಿನ ಭಾಗ. ಚರ್ಮ ಹದಮಾಡುವ ತೊಗಟೆಗಾಗಿ ವಾಟಲ್, ಜೊತೆಗೆ ನೀಲಗಿರಿ ಮರ, ಪೈನ್ ನೆಟ್ಟರು. 2018ರಲ್ಲಿ ಪ್ರಕಟವಾದ ಉಪಗ್ರಹ ಚಿತ್ರಗಳ ಅಧ್ಯಯನದಂತೆ, 1973ರಿಂದ 2014ರೊಳಗೆ ಪಳನಿಯ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಹೋಗಿದೆ. ನೆಡುತೋಪು ಒಂದು ವಿಚಿತ್ರ ಸಾಕ್ಷ್ಯವನ್ನೂ ಕೊಟ್ಟಿತು: ವಾಟಲ್ ನೆರಳಿನಲ್ಲಿ ಶೋಲಾ ಸಸಿಗಳು ತಾವಾಗಿ ಏಳತೊಡಗಿದವು. ಹುಲ್ಲುಗಾವಲಿದ್ದ ನೆಲದಲ್ಲೂ ಮರ ಬೇರೂರಬಲ್ಲದು; ಎಳೆಯ ಸಸಿಗೆ ಬೇಕಾದದ್ದು ಚಳಿಯಿಂದ ಮರೆ. ರಂಗನಾಥನ್ ವಾದಕ್ಕೆ ಇದು ಬಲ ತುಂಬುತ್ತದೆ.

ತಿರುಚಿರಾಪಳ್ಳಿಯ ಜೆಸ್ವಿಟ್ ಸಸ್ಯವಿಜ್ಞಾನಿ ಕೆ. ಎಂ. ಮ್ಯಾಥ್ಯೂ 1999ರಲ್ಲಿ ಪಳನಿಯ ಸಸ್ಯಸಂಪತ್ತಿನ ಗ್ರಂಥ ಹೊರತಂದರು. 2013ರಲ್ಲಿ ಕೊಡೈಕಾನಲ್ ವನ್ಯಜೀವಿಧಾಮ ಘೋಷಣೆಯಾಯಿತು. ಜೌಗನ್ನೇ ಒಡ್ಡಿನಿಂದ ತಡೆದು ಮಾಡಿದ ಬೇರಿಜಂ ಕೆರೆ ತೇನಿ ಜಿಲ್ಲೆಯ ಪೆರಿಯಕುಳಂ ಪಟ್ಟಣಕ್ಕೆ ಕುಡಿಯುವ ನೀರು ಕೊಡುತ್ತಿದೆ.