ಮನೆ ಬದಲಾಯಿತು, ಹುಡುಗರ ಸಂಜೆ ಬದಲಾಗಲಿಲ್ಲ

ಬಡವರ ವಸತಿ ನೆರವಿನ ಬಗ್ಗೆ ಅಮೆರಿಕದಲ್ಲಿ ಮಾತೆತ್ತಿದರೆ ಸಾಕು, ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ 2016ರ ಪ್ರಬಂಧ ಎದುರಿಗೆ ಬರುತ್ತದೆ. ಹದಿಮೂರು ತುಂಬುವ ಮೊದಲೇ ಕಡುಬಡ ಕೇರಿ ಬಿಟ್ಟ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ ಶೇ 31ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು ಎನ್ನುತ್ತದೆ ಅದು. ಚಿಕ್ಕಂದಿನಲ್ಲೇ ಊರು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಇದನ್ನು ಓದಿಕೊಂಡವರೇ ಹೆಚ್ಚು. ಸಂಬಳದ ಲೆಕ್ಕಕ್ಕೆ ಅದು ಸರಿ. ಹರೆಯದವರ ಸಿಗರೇಟು, ಗಾಂಜಾ, ಹೊಡೆದಾಟ, ಖಿನ್ನತೆಗಳ ಲೆಕ್ಕ ಬೇರೆಯೇ ಇದೆ.

ಮೊದಲು ಹಿನ್ನೆಲೆ. 1937ರ ವಸತಿ ಕಾಯ್ದೆ ಸರ್ಕಾರಿ ವಸತಿ ಸಮುಚ್ಚಯಗಳನ್ನು ಕಟ್ಟಿಸಿತು. 1974ರ ‘ಸೆಕ್ಷನ್ 8’ ಖಾಸಗಿ ಮನೆಗೆ ಬಾಡಿಗೆ ವೋಚರ್ ತಂದಿತು: ಕುಟುಂಬ ತನ್ನ ಆದಾಯದ ಸುಮಾರು ಶೇ 30 ಕೊಡುತ್ತದೆ, ಉಳಿದದ್ದು ಸರ್ಕಾರದ್ದು. ಸರ್ಕಾರಿ ವಸತಿಯಲ್ಲಿನ ವರ್ಣಭೇದದ ವಿರುದ್ಧ 1976ರಲ್ಲಿ ಬಂದ ಗೌಟ್ರೋ ತೀರ್ಪಿನ ನಂತರ ಷಿಕಾಗೊದ ಕಪ್ಪು ಕುಟುಂಬಗಳು ಉಪನಗರಗಳಿಗೆ ಹೋದವು. ಆ ಮಕ್ಕಳ ಓದು ಸುಧಾರಿಸಿದ ಕಥೆ ಆಸೆ ಹುಟ್ಟಿಸಿತೇ ಹೊರತು, ಗಟ್ಟಿಯಾದ ಹೋಲಿಕೆ ಗುಂಪು ಅದಕ್ಕಿರಲಿಲ್ಲ.

ಆ ಕೊರತೆ ತುಂಬಲು ಬಂದದ್ದು, ಚೆಟ್ಟಿ ಪ್ರಬಂಧಕ್ಕೂ ಆಧಾರವಾದ ‘ಮೂವಿಂಗ್ ಟು ಆಪರ್ಚುನಿಟಿ’ ಪ್ರಯೋಗ. 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಷಿಕಾಗೊ, ಲಾಸ್ ಏಂಜಲಿಸ್, ನ್ಯೂಯಾರ್ಕ್‌ಗಳ 4,604 ಕುಟುಂಬಗಳ ಹೆಸರು ಲಾಟರಿಗೆ ಬಿದ್ದವು. ಒಂದು ಗುಂಪಿಗೆ ಬಡತನ ಶೇ 10ಕ್ಕಿಂತ ಕಡಿಮೆಯಿರುವ ಕಡೆ ಮಾತ್ರ ನಡೆಯುವ ವೋಚರ್, ಇನ್ನೊಂದಕ್ಕೆ ಮಾಮೂಲಿ ವೋಚರ್, ಮೂರನೆಯದಕ್ಕೆ ಎರಡೂ ಇಲ್ಲ. ಮೊದಲ ಗುಂಪಿನಲ್ಲಿ ಅರ್ಧದಷ್ಟು ಜನರಿಗೂ ಅದನ್ನು ಬಳಸಿ ಮನೆ ಬದಲಿಸಲಾಗಲಿಲ್ಲ.

2007ರಲ್ಲಿ ಸಂಶೋಧಕರಾದ ಕ್ಲಿಂಗ್, ಲೀಬ್‌ಮನ್, ಕಾಟ್ಜ್ ಈ ಕುಟುಂಬಗಳ ಹರೆಯದವರ ಲೆಕ್ಕ ಹಾಕಿದಾಗ ಯಾರೂ ಎಣಿಸದ ಸೀಳು ಕಂಡಿತು. ಹುಡುಗಿಯರ ಮನಸ್ಸು ಹಗುರವಾಗಿತ್ತು, ಗಾಂಜಾ ಸೇವನೆ ಇಳಿದಿತ್ತು. ಹುಡುಗರಲ್ಲಿ ಧೂಮಪಾನ ಏರಿತ್ತು.

ಏಕೆ ಎಂಬುದು ಸಮೀಕರಣಗಳಿಂದ ತಿಳಿಯಲಿಲ್ಲ. ಕೂತು ಮಾತನಾಡಿಸಿದವರಿಂದ ತಿಳಿಯಿತು. ಸೂಸನ್ ಕ್ಲ್ಯಾಂಪೆಟ್-ಲುಂಡ್‌ಕ್ವಿಸ್ಟ್, ಕ್ಯಾಥರಿನ್ ಎಡಿನ್ ಮತ್ತು ಜೊತೆಗಾರರು ಇದೇ ಪ್ರಯೋಗದ ಬಾಲ್ಟಿಮೋರ್, ಷಿಕಾಗೊಗಳ 14ರಿಂದ 19ರ ಹರೆಯದವರನ್ನು ಸಂದರ್ಶಿಸಿ 2011ರಲ್ಲಿ ಬರೆದ ಪ್ರಬಂಧ ಈ ಕ್ಷೇತ್ರದ ಅತಿ ಉಪಯುಕ್ತ ಬರಹ. ಹುಡುಗಿಯರು ಸಂಜೆ ಮನೆಯೊಳಗೋ ಮಾಲ್‌ನಲ್ಲೋ ಇರುತ್ತಿದ್ದರು. ಹೊಸ ಬಡಾವಣೆಗೆ ಅದು ಒಗ್ಗಿತು. ಹುಡುಗರು ರಸ್ತೆ ಮೂಲೆಯಲ್ಲಿ, ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಗುಂಪುಗೂಡುತ್ತಿದ್ದರು. ಹಳೆಯ ಕೇರಿಯಲ್ಲಿ ಅದು ದಿನಚರಿ, ಇಲ್ಲಿ ನೆರೆಯವರ ಹುಬ್ಬೇರಿಸುವ, ಪೊಲೀಸರ ಕಣ್ಣಿಗೆ ಬೀಳುವ ನಡತೆ. ಯಾವ ಬೀದಿಗೆ ಕಾಲಿಡಬಾರದು ಎಂಬ ಬುದ್ಧಿ ಹೊಸ ಜಾಗದಲ್ಲಿ ಕೆಲಸಕ್ಕೆ ಬರಲಿಲ್ಲ. ತಂದೆಯ ಸ್ಥಾನದಲ್ಲಿ ನಿಂತು ವಿಚಾರಿಸುತ್ತಿದ್ದ ಹಿರಿಯ ಗಂಡಸರೂ ದೂರವಾದರು. ಹುಡುಗಿಯರ ನೆಮ್ಮದಿಗೆ ಕಾರಣ ಕೊಟ್ಟವರು ಸಂಶೋಧಕಿ ಸೂಸನ್ ಪಾಪ್ಕಿನ್: ಹಿಂಬಾಲಿಸುವ, ಮೈಮುಟ್ಟುವ ಗಂಡಸರ ಭಯ ತಗ್ಗಿತ್ತು.

ನಂತರ ಬಂತು 2014ರ ಕೆಸ್ಲರ್ ತಂಡದ ವರದಿ. ಬಡತನ ಕಡಿಮೆಯಿರುವ ಕಡೆಯ ವೋಚರ್ ಸಿಕ್ಕ ಗುಂಪಿನ ಹುಡುಗರಲ್ಲಿ ತೀವ್ರ ಖಿನ್ನತೆ ಶೇ 7.1, ಸಿಗದವರಲ್ಲಿ ಶೇ 3.5. ಹುಡುಗಿಯರಲ್ಲಿ ತಿರುಗುಮುರುಗು: ಮಾಮೂಲಿ ವೋಚರ್ ಸಿಕ್ಕವರಲ್ಲಿ ಶೇ 6.5, ಯಾವ ವೋಚರೂ ಸಿಗದವರಲ್ಲಿ ಶೇ 10.9. ಲಾಟರಿ ಎತ್ತಿದಾಗ ಈ ಮಕ್ಕಳಿಗೆ ಎಂಟು ವರ್ಷ ದಾಟಿರಲಿಲ್ಲ ಎಂಬುದನ್ನು ‘ಚಿಕ್ಕಂದಿನಲ್ಲೇ’ ಪಕ್ಷದವರು ಓದದೆ ಬಿಡುತ್ತಾರೆ.

ಭಾರತದ ಮಟ್ಟಿಗೆ ಹೆಸರಿಸಬೇಕಾದದ್ದು ಅಹಮದಾಬಾದಿನ 1987ರ ವಸತಿ ಲಾಟರಿ. ನಗರ ಕೇಂದ್ರದಿಂದ 12 ಕಿ.ಮೀ. ಆಚೆ ಮನೆ ಗೆದ್ದವರಲ್ಲಿ ಶೇ 34 ಜನ ಹೋಗಲೇ ಇಲ್ಲ, ಶೇ 32 ಜನ ಹೋಗಿ ಬಿಟ್ಟುಬಂದರು. ಹದಿನಾಲ್ಕು ವರ್ಷಗಳ ನಂತರ ನೋಡಿದರೆ ಮನೆ ಉತ್ತಮ, ನೆಂಟರಿಷ್ಟರು ದೂರ, ಆದಾಯ ಇದ್ದಷ್ಟೇ.

ಇಷ್ಟೆಲ್ಲ ಅಳೆದದ್ದು ಸ್ಥಳಾಂತರವನ್ನು. ಬಾಡಿಗೆ ಹೊರೆ ಇಳಿದರೂ ಅದೇ ಬೀದಿಯಲ್ಲಿ, ಅದೇ ಗೆಳೆಯರ ನಡುವೆ ಉಳಿಯುವ ಹುಡುಗನನ್ನು ಕೇಂದ್ರದಲ್ಲಿಟ್ಟ ಅಧ್ಯಯನಗಳು ತೀರಾ ವಿರಳ. ಅಮೆರಿಕದಲ್ಲಿ ಅರ್ಹ ಕುಟುಂಬಗಳಲ್ಲಿ ನೆರವು ಸಿಗುವುದು ಸುಮಾರು ನಾಲ್ಕಕ್ಕೆ ಒಂದಕ್ಕೆ. ಹಾಗಾಗಿ ಸಂಶೋಧಕರು ಹೋಲಿಕೆಗೆ ಗುಂಪು ಹುಡುಕಿಕೊಂಡು ಹೋಗಬೇಕಿಲ್ಲ; ಕಾಯುವ ಪಟ್ಟಿ ಬಹುತೇಕ ನಗರಗಳಲ್ಲಿ ಇದೆ.