ಕಾದ ಕಡಲಿನ ಹಳೆಯ ಲೆಕ್ಕ

1987ರಲ್ಲಿ ಅಂಟಾರ್ಕ್ಟಿಕಾದ ಅಂಚಿನ ವೆಡೆಲ್ ಸಮುದ್ರದಲ್ಲಿ, ಮಾಡ್ ರೈಸ್ ಎಂಬ ಮುಳುಗಿದ ದಿಬ್ಬದ ಮೇಲೆ ಸಂಶೋಧನಾ ಹಡಗೊಂದು ನಿಂತು ಕಡಲತಳವನ್ನು ಕೊರೆಯಿತು. ತಾಣದ ಸಂಖ್ಯೆ 690. ಮೇಲೆ ಬಂದ ಮಣ್ಣಿನ ಕಂಬದಲ್ಲಿ 5.6 ಕೋಟಿ ವರ್ಷ ಹಳೆಯ ಪದರವೊಂದಿತ್ತು. ಭೂಮಿಯ ಹವಾಮಾನ ಎಷ್ಟು ಬೇಗ ಬದಲಾಗಬಲ್ಲದು ಎಂಬ ಬಗ್ಗೆ ಅಲ್ಲಿಯವರೆಗೆ ಇದ್ದ ತಿಳಿವಳಿಕೆಯನ್ನು ಆ ಪದರ ತಲೆಕೆಳಗು ಮಾಡಿತು. ಪ್ರಾಚೀನ ಕಾಲದ ತಾಪವೃದ್ಧಿಯ ಅಧ್ಯಯನ ಇಂದು ದೊಡ್ಡ ಶಾಖೆಯಾಗಿ ಬೆಳೆದಿದ್ದರೆ ಅದಕ್ಕೆ ಬುನಾದಿ ಬಿದ್ದದ್ದು ಇಂಥ ಮಣ್ಣಿನಲ್ಲಿ.

ಈ ಅಧ್ಯಯನಕ್ಕೆ ಬೇಕಾದ ಉಪಕರಣ ಅದಕ್ಕೂ ನಾಲ್ಕು ದಶಕ ಮೊದಲೇ ಸಿದ್ಧವಾಗಿತ್ತು. ಚಿಪ್ಪಿನಲ್ಲಿರುವ ಆಮ್ಲಜನಕದ ಭಾರದ ಮತ್ತು ಹಗುರ ಐಸೋಟೋಪ್‌ಗಳ ಪ್ರಮಾಣ ಆ ಚಿಪ್ಪು ಬೆಳೆದ ನೀರಿನ ಉಷ್ಣತೆಯನ್ನು ಅವಲಂಬಿಸುತ್ತದೆ ಎಂದು 1947ರಲ್ಲಿ ಹ್ಯಾರಲ್ಡ್ ಯೂರಿ ತೋರಿಸಿದರು. 1955ರಲ್ಲಿ ಚೆಸಾರೆ ಎಮಿಲಿಯಾನಿ ಇದೇ ವಿಧಾನವನ್ನು ಕಡಲಿನ ಏಕಕೋಶ ಜೀವಿಗಳಾದ ಫೊರಾಮಿನಿಫೆರಾಗಳ ಮೇಲೆ ಪ್ರಯೋಗಿಸಿ ಹಿಮಯುಗಗಳ ಏರಿಳಿತವನ್ನು ಗುರುತಿಸಿದರು. 1968ರಲ್ಲಿ ಗ್ಲೋಮರ್ ಚಾಲೆಂಜರ್ ಹಡಗಿನೊಂದಿಗೆ ಆಳಕಡಲಿನ ಕೊರೆತ ಶುರುವಾಯಿತು. ಡೈನೊಸಾರ್‌ಗಳು ಅಳಿದ ನಂತರದ ಕೋಟ್ಯಂತರ ವರ್ಷಗಳ ಉಷ್ಣತೆಯ ರೇಖೆಯೊಂದು ಮೆಲ್ಲನೆ ಮೂಡಿತು. ಆದರೆ ಮಾದರಿಗಳ ನಡುವೆ ಲಕ್ಷಾಂತರ ವರ್ಷಗಳ ಅಂತರವಿದ್ದುದರಿಂದ ಆ ರೇಖೆ ನುಣುಪಾಗಿ ಕಂಡಿತು. ಭೂಮಿ ಕಾಯುವುದೂ ತಣಿಯುವುದೂ ನಿಧಾನವಾಗಿಯೇ ಎಂದು ಎಲ್ಲರೂ ನಂಬಿದ್ದರು.

690ರ ಕಂಬವನ್ನು ಒತ್ತೊತ್ತಾಗಿ ಪರೀಕ್ಷಿಸಿದಾಗ ಆ ನಂಬಿಕೆ ಮುರಿಯಿತು. ಕೆಲಸ ನಡೆಯುವ ಬಗೆ ಹೀಗೆ: ಮಣ್ಣನ್ನು ತೊಳೆದು ಜರಡಿ ಹಿಡಿಯಬೇಕು. ಸೂಕ್ಷ್ಮದರ್ಶಕದ ಕೆಳಗೆ, ಒದ್ದೆ ಕುಂಚದ ತುದಿಯಿಂದ, ಮರಳಿನ ಕಣದಷ್ಟು ದೊಡ್ಡ ಚಿಪ್ಪುಗಳನ್ನು ಜಾತಿವಾರು ಹೆಕ್ಕಬೇಕು. ಅವನ್ನು ಆಮ್ಲದಲ್ಲಿ ಕರಗಿಸಿ, ಹೊರಬಂದ ಅನಿಲವನ್ನು ಮಾಸ್ ಸ್ಪೆಕ್ಟ್ರೊಮೀಟರ್‌ನಲ್ಲಿ ಅಳೆಯಬೇಕು. ಎಲೆನ್ ಥಾಮಸ್ ಅವರು ಈ ಚಿಪ್ಪುಗಳನ್ನು ಎಣಿಸಿ, ಆಳದ ತಳದಲ್ಲಿ ಬದುಕುತ್ತಿದ್ದ ಫೊರಾಮಿನಿಫೆರಾ ಜಾತಿಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಇದ್ದಕ್ಕಿದ್ದಂತೆ ಕಣ್ಮರೆಯಾದುದನ್ನು ಕಂಡರು. ಡೈನೊಸಾರ್‌ಗಳನ್ನು ಅಳಿಸಿದ ಮಹಾದುರಂತದಲ್ಲೂ ಅಷ್ಟೇನೂ ನಲುಗದ ಜೀವಿಗಳಿವು. 1991ರಲ್ಲಿ ಜೇಮ್ಸ್ ಕೆನೆಟ್ ಮತ್ತು ಲೋವೆಲ್ ಸ್ಟಾಟ್ ಅದೇ ಕಂಬದ ಐಸೋಟೋಪ್ ಫಲಿತಾಂಶ ಪ್ರಕಟಿಸಿದರು. ಆಳದ ನೀರು ಹಠಾತ್ತನೆ ಬಿಸಿಯಾಗಿತ್ತು. ಅದೇ ಕ್ಷಣದಲ್ಲಿ ಹಗುರ ಇಂಗಾಲದ ಪ್ರಮಾಣ ವಿಪರೀತ ಏರಿತ್ತು. ಎಲ್ಲಿಂದಲೋ ಅಪಾರ ಇಂಗಾಲ ಕಡಲಿಗೂ ಗಾಳಿಗೂ ಸೇರಿತ್ತು. ಪ್ಯಾಲಿಯೊಸೀನ್ ಯುಗ ಮುಗಿದು ಇಯೊಸೀನ್ ಶುರುವಾದ ಹೊತ್ತಿನ ಈ ಘಟನೆಯನ್ನು ವಿಜ್ಞಾನಿಗಳು ಚುಟುಕಾಗಿ ಪಿಇಟಿಎಂ ಎನ್ನುತ್ತಾರೆ. ಜಗತ್ತಿನ ಸರಾಸರಿ ಉಷ್ಣತೆ ಆಗ ಸುಮಾರು 5ರಿಂದ 6 ಡಿಗ್ರಿ ಸೆಲ್ಸಿಯಸ್ ಏರಿತ್ತು.

ಇದು ಕಡಲಿಗಷ್ಟೇ ಸೀಮಿತವಾದ ಸಂಗತಿಯೆ? ಮರುವರ್ಷವೇ ಉತ್ತರ ಸಿಕ್ಕಿತು. ಪಾಲ್ ಕಾಕ್, ಜೇಮ್ಸ್ ಜಾಕೋಸ್ ಮತ್ತು ಫಿಲಿಪ್ ಗಿಂಗರಿಚ್ ಅಮೆರಿಕದ ವಯೋಮಿಂಗ್‌ನ ಬಿಗ್‌ಹಾರ್ನ್ ಕಣಿವೆಯಲ್ಲಿ, ಹಳೆಯ ಮಣ್ಣಿನ ಸುಣ್ಣದ ಗಂಟುಗಳಲ್ಲೂ ಸಸ್ತನಿಗಳ ಹಲ್ಲಿನ ಎನಾಮಲ್‌ನಲ್ಲೂ ಅದೇ ಇಂಗಾಲದ ಗುರುತನ್ನು ಪತ್ತೆಹಚ್ಚಿದರು. ನೆಲ, ಗಾಳಿ, ಕಡಲು ಮೂರೂ ಒಂದೇ ಸಂಗತಿಗೆ ಸಾಕ್ಷಿ ನುಡಿದವು. ಈ ಗುರುತು ಎಷ್ಟು ಖಚಿತವೆಂದರೆ, ಇಯೊಸೀನ್ ಯುಗದ ಆರಂಭವನ್ನೇ ಈಗ ಅದರಿಂದ ನಿಗದಿಪಡಿಸಲಾಗಿದೆ. ಅದರ ಅಧಿಕೃತ ಮಾದರಿ ಶಿಲಾಸ್ತರ ಈಜಿಪ್ಟಿನ ದಬಾಬಿಯಾದಲ್ಲಿದೆ.

ಬಿಗ್‌ಹಾರ್ನ್ ಕಣಿವೆ ಜೀವಿಗಳ ಕಥೆಯನ್ನೂ ಬಿಚ್ಚಿಟ್ಟಿತು. ಸ್ಕಾಟ್ ವಿಂಗ್ ಮತ್ತು ಸಂಗಡಿಗರು ಎಲೆಗಳ ಪಳೆಯುಳಿಕೆ ಅಗೆದಾಗ, ಹಳೆಯ ಸಸ್ಯಗಳು ಜಾಗ ಖಾಲಿ ಮಾಡಿ ದಕ್ಷಿಣದ ಬಿಸಿನಾಡಿನ ಗಿಡಗಳು, ಅದರಲ್ಲೂ ದ್ವಿದಳ ಧಾನ್ಯದ ಕುಟುಂಬದವು, ಬಂದು ನೆಲೆಸಿದ್ದು ಕಂಡಿತು. ತಾಪ ಇಳಿದಮೇಲೆ ಹಳೆಯವು ಹಿಂತಿರುಗಿದವು. 2008ರಲ್ಲಿ ಎಲೆನ್ ಕುರಾನೊ ಮತ್ತವರ ತಂಡ ಅದೇ ಎಲೆಗಳ ಮೇಲಿನ ತೂತು, ಕಡಿತ, ಸುರಂಗದ ಗುರುತುಗಳನ್ನು ಲೆಕ್ಕ ಹಾಕಿ, ಬಿಸಿಯ ಕಾಲದಲ್ಲಿ ಕೀಟಗಳ ಹಾವಳಿ ಎದ್ದುಕಾಣುವಂತೆ ಹೆಚ್ಚಿತ್ತೆಂದು ತೋರಿಸಿತು. ಅಲ್ಲಿನ ಮೊದಲ ಕುದುರೆ ಸಿಫ್ರಿಪಸ್ ಈಗಿನ ಸಣ್ಣ ನಾಯಿಯಷ್ಟೇ ಇತ್ತು. ಅದು ಇನ್ನೂ ಕುಗ್ಗಿತು. ತಾಪದ ಮೊದಲ ಸುಮಾರು 1,30,000 ವರ್ಷಗಳಲ್ಲಿ ಅದರ ಗಾತ್ರ ಸುಮಾರು ಶೇ. 30ರಷ್ಟು ಕಡಿಮೆಯಾಗಿ, ತಂಪು ಮರಳಿದಾಗ ಶೇ. 76ರಷ್ಟು ಹೆಚ್ಚಿತೆಂದು 2012ರ ಅಧ್ಯಯನ ಹೇಳಿತು. ಕುಗ್ಗುವಿಕೆಯ ರೇಖೆ ಉಷ್ಣತೆಯ ರೇಖೆಯನ್ನು ನಿಕಟವಾಗಿ ಹಿಂಬಾಲಿಸಿತ್ತು.

ಭಾರತ ಆಗ ಏಷ್ಯಾದತ್ತ ತೇಲಿ ಬರುತ್ತಿದ್ದ ಭೂಖಂಡ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ, ಪಿಇಟಿಎಂ ಕಳೆದ ನಂತರದ ಪದರಗಳಲ್ಲಿ, ಆರಂಭಿಕ ಪ್ರೈಮೇಟ್‌ಗಳೂ ಕುದುರೆ-ಖಡ್ಗಮೃಗಗಳ ಪೂರ್ವಜರಿಗೆ ಹತ್ತಿರದ ಕ್ಯಾಂಬೆಥೇರಿಯಂ ಎಂಬ ಪ್ರಾಣಿಯೂ ಸಿಕ್ಕಿವೆ. ಉತ್ತರ ಅಮೆರಿಕ, ಯುರೋಪ್, ಏಷ್ಯಾಗಳಲ್ಲಿ ಪಿಇಟಿಎಂ ಹೊತ್ತಿಗೆ ದಿಢೀರನೆ ಕಾಣಿಸಿಕೊಂಡ ಆಧುನಿಕ ಸಸ್ತನಿ ಬಳಗಗಳ ಮೂಲ ಹುಡುಕುವವರಿಗೆ ಈ ಗಣಿ ಮುಖ್ಯ ತಾಣ.

2003ರಲ್ಲಿ ದಕ್ಷಿಣ ಅಟ್ಲಾಂಟಿಕ್‌ನ ವಾಲ್ವಿಸ್ ಏಣಿನ ಮೇಲೆ ನಡೆದ ಕೊರೆತ ಈ ಕ್ಷೇತ್ರಕ್ಕೆ ಹೊಸ ತಿರುವು ಕೊಟ್ಟಿತು. ಇಳಿಜಾರಿನುದ್ದಕ್ಕೂ ಬೇರೆಬೇರೆ ಆಳಗಳಲ್ಲಿ ಕೊರೆದ ಕಂಬಗಳಲ್ಲಿ ಒಂದೇ ದೃಶ್ಯ: ಸುಣ್ಣದ ಚಿಪ್ಪುಗಳಿಂದಾದ ತಿಳಿಬಣ್ಣದ ಮಣ್ಣು, ಅದರ ಮೇಲೆ ಗೆರೆ ಎಳೆದಂತೆ ಕಂದುಗೆಂಪು ಜೇಡಿ, ಬಳಿಕ ನಿಧಾನವಾಗಿ ಮರಳುವ ತಿಳಿಬಣ್ಣ. ಜೇಡಿ ಹೊಸದಾಗಿ ಬಂದದ್ದಲ್ಲ. ಸುಣ್ಣ ಕರಗಿ ಹೋಗಿ ಅದೊಂದೇ ಉಳಿದಿತ್ತು. ಇಂಗಾಲದ ಡೈಆಕ್ಸೈಡನ್ನು ಹೀರಿದ ಕಡಲು ಆಮ್ಲೀಯಗೊಂಡು ತನ್ನ ತಳದ ಚಿಪ್ಪುಗಳನ್ನೇ ಕರಗಿಸಿತ್ತು. ಸುಣ್ಣ ಕರಗುವ ಗಡಿ 10,000 ವರ್ಷಕ್ಕೂ ಕಡಿಮೆ ಅವಧಿಯಲ್ಲಿ 2 ಕಿ.ಮೀ.ಗೂ ಹೆಚ್ಚು ಮೇಲೇರಿತ್ತೆಂದು ಜಾಕೋಸ್ ತಂಡ 2005ರಲ್ಲಿ ವರದಿ ಮಾಡಿತು. 2004ರಲ್ಲಿ ಉತ್ತರ ಧ್ರುವದ ಬಳಿಯ ಲೊಮೊನೊಸೊವ್ ಏಣಿನಿಂದ ತೆಗೆದ ಕಂಬ ಇನ್ನೊಂದು ಬೆರಗು ತಂದಿತು. ಆರ್ಕ್ಟಿಕ್ ಸಮುದ್ರದ ಮೇಲ್ಮೈ ನೀರು ಸುಮಾರು 18 ಡಿಗ್ರಿಯಿಂದ 23 ಡಿಗ್ರಿಗೂ ಮೇಲೇರಿತ್ತು. ಬಿಸಿನೀರು ಬಯಸುವ ಅಪೆಕ್ಟೊಡಿನಿಯಂ ಪಾಚಿ ಅಲ್ಲಿ ತುಂಬಿಕೊಂಡಿತ್ತು.

ಇಷ್ಟು ಇಂಗಾಲ ಬಂದದ್ದೆಲ್ಲಿಂದ ಎಂಬ ಚರ್ಚೆ ಇಂದಿಗೂ ಜೀವಂತ. 1995ರಲ್ಲಿ ಜೆರಾಲ್ಡ್ ಡಿಕನ್ಸ್ ಮತ್ತು ಸಂಗಡಿಗರು, ಕಡಲತಳದಲ್ಲಿ ಮಂಜುಗಡ್ಡೆಯಂತೆ ಹೆಪ್ಪುಗಟ್ಟಿದ್ದ ಮೀಥೇನ್ ಕರಗಿ ಹೊರಬಂದಿರಬೇಕು ಎಂದರು. ಐಸೋಟೋಪ್ ಲೆಕ್ಕಕ್ಕೆ ಅದು ಚೆನ್ನಾಗಿ ಹೊಂದುತ್ತಿತ್ತು. ಆದರೆ ವಾಲ್ವಿಸ್‌ನಲ್ಲಿ ಕಂಡಷ್ಟು ಸುಣ್ಣ ಕರಗಬೇಕಾದರೆ ಆ ಮೀಥೇನ್ ಸಾಲದು. 2004ರಲ್ಲಿ ಹೆನ್ರಿಕ್ ಸ್ವೆನ್ಸನ್ ತಂಡ, ಗ್ರೀನ್‌ಲ್ಯಾಂಡ್ ಯುರೋಪಿನಿಂದ ಬೇರ್ಪಡುತ್ತಿದ್ದಾಗ ನಾರ್ವೆಯ ಕಡಲಿನಲ್ಲಿ ಶಿಲಾರಸ ನುಗ್ಗಿ ಜೈವಿಕ ಇಂಗಾಲ ತುಂಬಿದ ಪದರಗಳನ್ನು ಬೇಯಿಸಿದ ಸಾವಿರಾರು ರಂಧ್ರಗಳನ್ನು ತೋರಿಸಿತು. 2017ರಲ್ಲಿ ಮಾರ್ಕಸ್ ಗುಟ್ಯಾರ್ ತಂಡ ಚಿಪ್ಪುಗಳ ಬೋರಾನ್‌ನಿಂದ ಕಡಲಿನ ಆಮ್ಲೀಯತೆ ಅಳೆದು, 10 ಲಕ್ಷ ಕೋಟಿ ಟನ್‌ನಷ್ಟು ಇಂಗಾಲ, ಬಹುಪಾಲು ಜ್ವಾಲಾಮುಖಿಗಳಿಂದಲೇ, ಬಂದಿರಬೇಕೆಂದಿತು. ಒಂದೇ ಮೂಲ ಹುಡುಕುತ್ತಿದ್ದ ಕ್ಷೇತ್ರ ಈಗ ಜ್ವಾಲಾಮುಖಿ ಶುರುಮಾಡಿದ ತಾಪ ಬೇರೆ ಇಂಗಾಲದ ಕಣಜಗಳನ್ನೂ ತೆರೆದ ಸರಪಳಿಯ ಬಗ್ಗೆ ಮಾತನಾಡುತ್ತಿದೆ.

ಹುಡುಕಾಟ ಬೇರೆ ಯುಗಗಳಿಗೂ ಹಬ್ಬಿತು. ಪಿಇಟಿಎಂ ಬಳಿಕ ಇಂಥದೇ ಚಿಕ್ಕ ತಾಪಘಟನೆಗಳು ಹಲವು ಸಂಭವಿಸಿದ್ದವು. ಬಹು ಹಿಂದೆ, 25.2 ಕೋಟಿ ವರ್ಷಗಳಾಚೆ, ಸೈಬೀರಿಯಾದ ಲಾವಾ ಪ್ರವಾಹಗಳ ಜತೆ ಬಂದ ತಾಪ ಕಡಲಿನ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜಾತಿಗಳನ್ನು ಅಳಿಸಿತ್ತು. ಆ ಅಳಿವಿನ ದಾಖಲೆ ಶ್ರೀನಗರದ ಬಳಿಯ ಗುರ್ಯುಲ್ ಕಮರಿಯ ಬಂಡೆಗಳಲ್ಲೂ ಇದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಬಿಸಿಯಲ್ಲಿರುವ ಮೈಗೆ ಮಾತ್ರ ಹೆಚ್ಚು ಬೇಕು. ಈ ಇಕ್ಕಟ್ಟನ್ನು ಗಣಕ ಮಾದರಿಗೆ ಅಳವಡಿಸಿದ ಜಸ್ಟಿನ್ ಪೆನ್ ಮತ್ತು ಸಂಗಡಿಗರು 2018ರಲ್ಲಿ, ಆ ಅಳಿವು ಧ್ರುವಗಳತ್ತ ಹೆಚ್ಚು ತೀವ್ರವಾಗಿತ್ತೆಂದು ತೋರಿಸಿದರು. ತಣ್ಣೀರಿಗೆ ಹೊಂದಿಕೊಂಡ ಜೀವಿಗಳಿಗೆ ಓಡಿಹೋಗಲು ಜಾಗವೇ ಉಳಿದಿರಲಿಲ್ಲ.

ಈ ಮೂರೂವರೆ ದಶಕಗಳ ಕೆಲಸದಲ್ಲಿ ಕೇಂದ್ರ ಪ್ರಶ್ನೆಯೇ ಬದಲಾಗಿದೆ. ಮೊದಲು ಎಷ್ಟು ಬಿಸಿ ಎಂದು ಕೇಳುತ್ತಿದ್ದರು, ಈಗ ಎಷ್ಟು ವೇಗ ಎಂದು ಕೇಳುತ್ತಾರೆ. 2016ರಲ್ಲಿ ರಿಚರ್ಡ್ ಜೀಬೆ ಮತ್ತು ಸಹೋದ್ಯೋಗಿಗಳು ನ್ಯೂಜೆರ್ಸಿಯ ಮಣ್ಣಿನ ಕಂಬ ಪರೀಕ್ಷಿಸಿ, ಪಿಇಟಿಎಂ ಆರಂಭದ ಹಂತಕ್ಕೆ ಕನಿಷ್ಠ 4,000 ವರ್ಷ ಹಿಡಿದಿತ್ತು, ವರ್ಷಕ್ಕೆ ಹೆಚ್ಚೆಂದರೆ ಸುಮಾರು 110 ಕೋಟಿ ಟನ್ ಇಂಗಾಲ ಸೇರಿತ್ತು ಎಂದು ಅಂದಾಜಿಸಿದರು. ನಾವು ಈಗ ಕಲ್ಲಿದ್ದಲು, ತೈಲ, ಅನಿಲ ಉರಿಸಿ ಬಿಡುತ್ತಿರುವುದು ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಇಂಗಾಲ. ಪಿಇಟಿಎಂನಲ್ಲಿ ಸಸ್ಯಗಳಿಗೆ ವಲಸೆ ಹೋಗಲು, ಕುದುರೆಗೆ ಕುಗ್ಗಲು, ಕಡಲತಳದ ಸುಣ್ಣಕ್ಕೆ ಆಮ್ಲವನ್ನು ತಟಸ್ಥಗೊಳಿಸಲು ಸಹಸ್ರಾರು ವರ್ಷಗಳಿದ್ದವು. ಹಾಗಿದ್ದೂ ಆಳಕಡಲಿನ ಜಾತಿಗಳಲ್ಲಿ ಅರ್ಧದವರೆಗೆ ಅಳಿದವು. ಹತ್ತು ಪಟ್ಟು ವೇಗದಲ್ಲಿ ಅದೇ ಪ್ರಯೋಗವನ್ನು ನಾವು ಮಾಡುತ್ತಿರುವಾಗ, ಆ ಹಳೆಯ ಉದಾಹರಣೆ ನೀಡುವ ಭರವಸೆ ಬಹಳ ಕಡಿಮೆ.

ಪಿಇಟಿಎಂ ಕೊನೆಗೆ ತಣಿದದ್ದು ಮಳೆನೀರು ಬಂಡೆಗಳನ್ನು ಸವೆಸಿ ಗಾಳಿಯ ಇಂಗಾಲವನ್ನು ಮತ್ತೆ ಕಡಲತಳಕ್ಕೆ ಸುಣ್ಣವಾಗಿ ಸೇರಿಸಿದಾಗ. ಅದಕ್ಕೆ ಒಂದು ಲಕ್ಷ ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಪ್ರಕ್ರಿಯೆ ಸಹಜವಾಗಿ ಬಹಳ ನಿಧಾನ. ನಾವು ಮುಖ್ಯವಾಗಿ ನಿಯಂತ್ರಿಸಬಲ್ಲದ್ದು ಇಂಗಾಲ ಹೊರಬರುವ ವೇಗವನ್ನು. ಅದನ್ನು ತಗ್ಗಿಸುವುದು ಎಷ್ಟು ತುರ್ತು ಎಂಬುದಕ್ಕೆ ಈ ಕ್ಷೇತ್ರ ಕಲೆಹಾಕಿರುವ ಪುರಾವೆ ಈಗ ಸಾಕಷ್ಟಿದೆ.